ಅಂತರಜಾಲದ ವಿಳಾಸಗಳಿಗೆ ಬಂದ ಬರ

ದೊಡ್ಡಬಳ್ಳಾಪುರದ ಪಿನ್ ಸಂಖ್ಯೆ 561203, ದೇವನಹಳ್ಳಿಯದು 562110, ಹೊಸಕೋಟೆಯದು 562114, ನೆಲಮಂಗಲದ್ದು 562123. ಅಂಚೆ ಇಲಾಖೆಯು 1972ರ ಆಗಸ್ಟ್ 15ರಂದು ಆರಂಭಿಸಿದ ಈ ಪದ್ಧತಿಯಲ್ಲಿ ಒಂದು ಜಾಣತನವಡಗಿದೆ. ದೂರದ ಕಾಶ್ಮೀರದಲ್ಲಿ ಕಾಗದಗಳನ್ನು ವಿಂಗಡಿಸುವ ನೌಕರನಿಗೆ ನೆಲಮಂಗಲವೆಂಬ ಊರು ಎಲ್ಲಿದೆಯೆಂಬುದು ತಿಳಿದಿರಬೇಕಾಗಿಲ್ಲ. ಮೊದಲ ಅಂಕೆ 5 ಎಂದು ಕಂಡೊಡನೆ ಆತನು ಕಾಗದವನ್ನು ದಕ್ಷಿಣದ ಚೀಲಕ್ಕೆ ಹಾಕಿದರೆ ಸಾಕು. ಎರಡನೆಯ ಅಂಕೆಯು ಅದನ್ನು ಕರ್ನಾಟಕದ ಕಡೆಗೆ ತಿರುಗಿಸುತ್ತದೆ. ಮೂರನೆಯದು ವಿಂಗಡಣೆಯ ವಲಯವನ್ನು ತೋರಿಸುತ್ತದೆ. ಕೊನೆಯ ಮೂರು ಅಂಕೆಗಳನ್ನು ಓದುವ ಶ್ರಮ ಹತ್ತಿರದವರಿಗೆ ಸೇರಿದ್ದು.

ಅಂತರಜಾಲವೂ ಮೂಲತಃ ಇಂತಹ ಒಂದು ಅಂಚೆಯ ಏರ್ಪಾಡೇ ಆಗಿದೆ. ನಾವು ಒಂದು ಚಿತ್ರವನ್ನು ಗೆಳೆಯನಿಗೆ ಕಳುಹಿಸಿದಾಗ ಅದು ಇಡಿಯಾಗಿ ಪ್ರಯಾಣ ಮಾಡುವುದಿಲ್ಲ. ನೂರಾರು ಸಣ್ಣ ಪೊಟ್ಟಣಗಳಾಗಿ ಒಡೆದು ಹೊರಡುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ ಎರಡು ವಿಳಾಸಗಳಿರುತ್ತವೆ: ಕಳುಹಿಸಿದ ಯಂತ್ರದ್ದೊಂದು, ಸೇರಬೇಕಾದ ಯಂತ್ರದ್ದೊಂದು. ದಾರಿಯುದ್ದಕ್ಕೂ ಕುಳಿತಿರುವ ರೂಟರುಗಳೆಂಬ ಯಂತ್ರಗಳು ವಿಳಾಸದ ಮೊದಲ ಭಾಗವನ್ನಷ್ಟೇ ನೋಡಿ ಪೊಟ್ಟಣವನ್ನು ಮುಂದಕ್ಕೆ ಸಾಗಿಸುತ್ತವೆ. ನಾವು ಬೆರಳಿನಿಂದ ಒತ್ತುವುದು ಹೆಸರುಗಳನ್ನಾದರೂ ಯಂತ್ರಗಳು ಅವನ್ನು ಮೊದಲು ಸಂಖ್ಯೆಗಳಿಗೆ ಬದಲಾಯಿಸಿಕೊಳ್ಳುತ್ತವೆ. ಹೆಸರಿಗೂ ಸಂಖ್ಯೆಗೂ ಇರುವ ಭೇದವನ್ನು ನಮ್ಮ ಜಿಲ್ಲೆಯಲ್ಲಿಯೇ ಕಾಣಬಹುದು. 1986ರಲ್ಲಿ ರಚಿತವಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು 2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟವು ಒಪ್ಪಿಗೆಯಿತ್ತಿತು. ದೇವನಹಳ್ಳಿಯ 562110ರಲ್ಲಿ ಮಾತ್ರ ಒಂದಂಕೆಯೂ ಕದಲಲಿಲ್ಲ. ಹೆಸರುಗಳನ್ನು ಬೇಕಾದಷ್ಟು ಹುಟ್ಟಿಸಬಹುದು. ಅಂಕೆಗಳ ಸ್ಥಾನಗಳು ಇಷ್ಟೇ ಎಂದು ಗೊತ್ತುಮಾಡಿದ ಮೇಲೆ ಸಂಖ್ಯೆಗಳನ್ನು ಹಾಗೆ ಹುಟ್ಟಿಸಲಾಗದು. ಅಂತರಜಾಲಕ್ಕೆ ಒದಗಿದ ಕಷ್ಟದ ಮೂಲವು ಇದೇ.

ಅರ್ಧ ಮಣೆಯ ಕಾಳುಗಳು

ಚದುರಂಗವನ್ನು ಕಂಡುಹಿಡಿದ ಪಂಡಿತನೊಬ್ಬನು ರಾಜನಿಂದ ಬೇಡಿದ ಬಹುಮಾನದ ಕಥೆ ಎಲ್ಲರಿಗೂ ಗೊತ್ತು. ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ಇಮ್ಮಡಿಸುತ್ತ ಅರ್ಧ ಮಣೆಯನ್ನು, ಎಂದರೆ 32 ಮನೆಗಳನ್ನು ತುಂಬಿದಾಗ ಆಗುವ ಒಟ್ಟು ಕಾಳುಗಳು 429 ಕೋಟಿ 49 ಲಕ್ಷ 67 ಸಾವಿರದ 295. ಇದಕ್ಕೆ ಒಂದನ್ನು ಕೂಡಿಸಿದರೆ ಬರುವುದೇ ಅಂತರಜಾಲದ ಹಳೆಯ ಪದ್ಧತಿಯ ವಿಳಾಸಗಳ ಸಂಖ್ಯೆ. ಕಂಪ್ಯೂಟರು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳಲ್ಲಿ ಎಣಿಸುತ್ತದೆ; ಅಂತಹ ಒಂದು ಸ್ಥಾನಕ್ಕೆ ಬಿಟ್ ಎಂದು ಹೆಸರು. ಒಂದು ಬಿಟ್ ಹೆಚ್ಚಿಸಿದರೆ ವಿಳಾಸಗಳು ಇಮ್ಮಡಿಯಾಗುತ್ತವೆ. ವಿಂಟನ್ ಸರ್ಫ್ ಮತ್ತು ಅವರ ಸಂಗಡಿಗರು 1970ರ ದಶಕದ ಉತ್ತರಾರ್ಧದಲ್ಲಿ ಒಂದು ವಿಳಾಸಕ್ಕೆ 32 ಬಿಟ್‌ಗಳೆಂದು ಗೊತ್ತುಮಾಡಿದರು. ಐಪಿ ನಾಲ್ಕನೆಯ ಆವೃತ್ತಿಯೆಂಬ ಹೆಸರಿನ ಈ ನಿಯಮಾವಳಿಯು 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. 1983ರ ಜನವರಿ 1ರಿಂದ ಅಮೆರಿಕದ ಆರ್ಪಾನೆಟ್ ಜಾಲವು ಅದನ್ನು ಅನುಸರಿಸಿತು.

ಆಗ ಇದೊಂದು ಪ್ರಯೋಗವಾಗಿತ್ತು. ಜಾಲದಲ್ಲಿದ್ದ ಕಂಪ್ಯೂಟರುಗಳು ಕೆಲವು ನೂರು ಮಾತ್ರ. ಅಂದಿನ ಲೋಕದ ಜನಸಂಖ್ಯೆಯೂ ಹೆಚ್ಚುಕಡಿಮೆ ಈ 430 ಕೋಟಿಯೇ. ತಲೆಗೊಂದರಂತೆ ಹಂಚಿದರೂ ಸಾಲುವಷ್ಟು ವಿಳಾಸಗಳಿರುವಾಗ, ಕಂಪ್ಯೂಟರು ಜೇಬಿನಲ್ಲಿ ಕುಳಿತೀತೆಂದು ಎಣಿಸದಿದ್ದವರನ್ನು ಆಕ್ಷೇಪಿಸುವುದು ನ್ಯಾಯವಲ್ಲ.

ಆದರೆ ಹಂಚಿದ ಬಗೆ ಮಾತ್ರ ದುಂದಿನದು. ಜಮೀನನ್ನು ಮೂರೇ ಅಳತೆಗಳಲ್ಲಿ ಮಾರುವ ಒಂದು ಕಚೇರಿಯನ್ನು ಊಹಿಸಿಕೊಳ್ಳಿ: ಕೊಂಡರೆ ಇಡೀ ಹೋಬಳಿ, ಇಲ್ಲವೆ ಇಡೀ ಗ್ರಾಮ, ಅದೂ ಬೇಡವಾದರೆ ಒಂದು ಗುಂಟೆ. ವಿಳಾಸಗಳನ್ನು ಹಂಚಿದ್ದೂ ಹೀಗೆಯೇ. ದೊಡ್ಡ ತುಂಡಿನಲ್ಲಿ 1 ಕೋಟಿ 67 ಲಕ್ಷಕ್ಕೂ ಮೇಲ್ಪಟ್ಟು ವಿಳಾಸಗಳು, ನಡುವಿನದರಲ್ಲಿ 65,536, ಸಣ್ಣದರಲ್ಲಿ 256. ಮುನ್ನೂರು ಯಂತ್ರಗಳಿದ್ದ ಸಂಸ್ಥೆಗೆ ಸಣ್ಣ ತುಂಡು ಸಾಲದು. ನಡುವಿನದನ್ನು ಪಡೆಯಿತು, 65,236 ವಿಳಾಸಗಳು ಬೀಳುಬಿದ್ದವು. ಅಮೆರಿಕದ ಎಂ.ಐ.ಟಿ. ಎಂಬ ಒಂದೇ ವಿದ್ಯಾಸಂಸ್ಥೆಗೆ ಒಂದು ಇಡೀ ‘ಹೋಬಳಿ’ ಸಿಕ್ಕಿತ್ತು. 2017ರಲ್ಲಿ ಅದರ ಅರ್ಧದಷ್ಟನ್ನು ಅದು ಮಾರಿತು. 140 ಕೋಟಿ ಜನರಿರುವ ಭಾರತದ ಪಾಲಿನ ಹಳೆಯ ವಿಳಾಸಗಳು ಎಲ್ಲ ಸೇರಿ ಸುಮಾರು 4 ಕೋಟಿ. ಅಂತಹ ಎರಡೂವರೆ ವಿದ್ಯಾಸಂಸ್ಥೆಗಳ ಪಾಲು ನಮಗೆ ಬಂದಿತೆನ್ನಬಹುದು! ಇದರಲ್ಲಿ ಯಾರ ಕುತಂತ್ರವೂ ಇಲ್ಲವೆಂದೇ ನಮ್ಮ ಅಭಿಪ್ರಾಯ. ಮೊದಲ ಪಂಕ್ತಿಯವರಿಗೆ ಪಾಯಸವನ್ನು ಸೌಟಿನಲ್ಲಿ ಬಡಿಸಿದರು. ಪಾತ್ರೆಯ ತಳ ಕಂಡಾಗ ಕೊನೆಯ ಪಂಕ್ತಿಗೆ ಚಮಚ ಹಿಡಿದರು. ನಾವು ಬಂದದ್ದೇ ತಡವಾಗಿ. ನಮ್ಮಲ್ಲಿ ಎರ್ನೆಟ್ ಎಂಬ ಶೈಕ್ಷಣಿಕ ಜಾಲವು 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಎಂಟು ಸಂಸ್ಥೆಗಳಿಂದ ಆರಂಭವಾಯಿತು. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು.

1993ರಲ್ಲಿ ಮೂರು ಅಳತೆಗಳ ನಿಯಮವನ್ನು ಕೈಬಿಟ್ಟು ಅಗತ್ಯಕ್ಕೆ ತಕ್ಕಂತೆ ತುಂಡರಿಸಿ ಕೊಡುವುದು ಮೊದಲಾಯಿತು. ಇದರಿಂದ ಕೆಲವು ವರ್ಷಗಳ ಅವಕಾಶ ದೊರೆಯಿತೇ ಹೊರತು ಕಣಜ ತುಂಬಲಿಲ್ಲ. 2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಕಣಜದಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ತುಂಡುಗಳನ್ನು ಐದು ಭೂಭಾಗಗಳ ಸಂಸ್ಥೆಗಳಿಗೆ ಒಂದೊಂದಾಗಿ ಹಂಚಿ ಬಾಗಿಲು ಮುಚ್ಚಿದರು. ಏಷ್ಯ ಮತ್ತು ಪೆಸಿಫಿಕ್ ಭಾಗಕ್ಕೆ ವಿಳಾಸಗಳನ್ನು ಹಂಚುವ, ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿರುವ ಏಪ್ನಿಕ್ ಸಂಸ್ಥೆಯು ಅದೇ ಏಪ್ರಿಲ್ 15ರ ಹೊತ್ತಿಗೆ ತನ್ನ ಕೊನೆಯ ತುಂಡಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಕೇಳಿದವರಿಗೆ ಪಡಿತರದಂತೆ ಹೆಚ್ಚೆಂದರೆ 1,024 ವಿಳಾಸಗಳು. 2019ರಿಂದ ಅದೂ ಇಳಿದು 512. ಬರ ಬಂದೊಡನೆ ಬೆಲೆಯೂ ಹುಟ್ಟಿತು. 2011ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ದಿವಾಳಿಯಾಗಿದ್ದ ನಾರ್ಟೆಲ್ ಕಂಪನಿಯಿಂದ 6,66,624 ವಿಳಾಸಗಳನ್ನು 75 ಲಕ್ಷ ಡಾಲರಿಗೆ ಕೊಂಡಿತು. ಒಂದಕ್ಕೆ ಹನ್ನೊಂದೂಕಾಲು ಡಾಲರಿನಂತಾಯಿತು. ಹತ್ತು ವರ್ಷಗಳ ತರುವಾಯ ಅದೇ ಸರಕು 50 ಡಾಲರಿನ ಆಸುಪಾಸಿಗೆ ಏರಿತು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಹೊಲಗಳಿಗೆ ಕಟ್ಟಿದ ಬೆಲೆಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ವಠಾರದ ಉಪಾಯ

ಹೀಗಿದ್ದರೂ 2011ರಲ್ಲಿ ಅಂತರಜಾಲ ನಿಂತುಹೋಗಲಿಲ್ಲವಲ್ಲ, ಏಕೆ? ನಮ್ಮ ಪಟ್ಟಣಗಳ ಹಳೆಯ ವಠಾರಗಳು ಇದಕ್ಕೆ ಉತ್ತರ ಹೇಳಬಲ್ಲವು. ಬೀದಿಯ ಕಡೆಗೆ ಒಂದೇ ಬಾಗಿಲು, ಒಂದೇ ಮನೆ ನಂಬರು. ಒಳಗೆ ಹತ್ತು ಸಂಸಾರ. ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು 1994ರ ಮೇ ತಿಂಗಳಲ್ಲಿ ಪ್ರಕಟಿಸಿದ ನ್ಯಾಟ್ ಎಂಬ ವಿಧಾನವು ಇಂತಹುದೇ. 10 ಎಂದೋ 192.168 ಎಂದೋ ಆರಂಭವಾಗುವ ಕೆಲವು ವಿಳಾಸಗಳನ್ನು ಮನೆಯೊಳಗಿನ ಬಳಕೆಗೆಂದೇ ಬಿಟ್ಟುಕೊಟ್ಟಿದ್ದಾರೆ. ಇವು ‘ಹಿತ್ತಲ ಮನೆ’, ‘ಮಹಡಿ ಮನೆ’ ಎಂಬಂತಹ ಗುರುತುಗಳು. ಸಾವಿರ ವಠಾರಗಳಲ್ಲಿ ಸಾವಿರ ಮಹಡಿ ಮನೆಗಳಿದ್ದರೂ ಗೊಂದಲವಾಗದು.

ವಠಾರದ ಬಾಗಿಲಿನಲ್ಲಿ ಲೆಕ್ಕದ ಪುಸ್ತಕ ಹಿಡಿದ ಒಬ್ಬ ಗುಮಾಸ್ತನಿದ್ದಾನೆಂದು ಭಾವಿಸೋಣ. ಆ ಗುಮಾಸ್ತನೇ ನಿಮ್ಮ ಮನೆಯ ರೂಟರ್. ಒಳಗಿನ ಫೋನೊಂದು ಹೊರಕ್ಕೆ ಪೊಟ್ಟಣ ಕಳುಹಿಸಿದಾಗ ಗುಮಾಸ್ತನು ಅದರ ಮೇಲಿನ ಒಳವಿಳಾಸವನ್ನು ಅಳಿಸಿ ವಠಾರದ ಹೊರವಿಳಾಸವನ್ನು ಬರೆಯುತ್ತಾನೆ. ಜೊತೆಗೆ ಒಂದು ಪೋರ್ಟ್ ಸಂಖ್ಯೆಯನ್ನೂ ನಮೂದಿಸಿ, ‘ಪೋರ್ಟ್ 40,001: ಮಹಡಿ ಮನೆಯ ಫೋನು’ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಪುಸ್ತಕವನ್ನು ನೋಡಿ ಆಯಾ ಮನೆಗೆ ತಲುಪಿಸುತ್ತಾನೆ. ಕೆಲವು ನಿಮಿಷಗಳ ಕಾಲ ಮಾತುಕತೆ ನಡೆಯದಿದ್ದರೆ ಆ ಗುರುತನ್ನು ಒರಸಿಹಾಕುತ್ತಾನೆ.

ಪೋರ್ಟ್ ಸಂಖ್ಯೆಗೆ 16 ಬಿಟ್‌ಗಳಿವೆ. ಆದುದರಿಂದ ಒಂದು ವಿಳಾಸಕ್ಕೆ 65,536 ಪೋರ್ಟುಗಳು. ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. ನೆಲಮಂಗಲದಲ್ಲಿ ಒಬ್ಬರು ಹೊಸದಾಗಿ ಅಂತರಜಾಲ ಸಂಪರ್ಕ ಕೊಡುವ ಉದ್ಯಮವನ್ನು ಆರಂಭಿಸಿ 512 ವಿಳಾಸಗಳನ್ನು ಪಡೆದರೆನ್ನಿ. ಮೊದಲ 1,024 ಪೋರ್ಟುಗಳನ್ನು ಬಿಟ್ಟು ಉಳಿದ 64,512ನ್ನು 32 ಮನೆಗಳಿಗೆ ಹಂಚಿದರೆ ಮನೆಗೆ 2,016 ಬರುತ್ತವೆ. ಹಾಗೆ 512 ವಿಳಾಸಗಳಲ್ಲಿ 16,384 ಮನೆಗಳು ಬದುಕಬಲ್ಲವು. ಆಸೆಪಟ್ಟು ಒಂದು ವಿಳಾಸಕ್ಕೆ 128 ಮನೆಗಳನ್ನು ಕಟ್ಟಿದರೆ ಮನೆಗೆ ಉಳಿಯುವುದು 504. ಒಂದು ಪುಟ ತೆರೆಯಲು ಹತ್ತಾರು ಪೋರ್ಟುಗಳು ಬೇಕಾಗುವುದುಂಟು; ಐದಾರು ಫೋನುಗಳೂ ಒಂದು ಟೆಲಿವಿಷನ್ನೂ ಇರುವ ಮನೆಯಲ್ಲಿ ಸಂಜೆಯ ಹೊತ್ತು ಪುಟಗಳು ಅರ್ಧಂಬರ್ಧ ತೆರೆದು ನಿಲ್ಲುತ್ತವೆ. ತಂತಿ ಸರಿಯಿದೆ, ವೇಗ ಸರಿಯಿದೆ, ಗುಮಾಸ್ತನ ಪುಸ್ತಕದಲ್ಲಿ ಮಾತ್ರ ಸಾಲುಗಳಿಲ್ಲ!

ಹೀಗೆ ಸಂಪರ್ಕ ಕೊಡುವವರೇ ನೂರಾರು ಮನೆಗಳಿಗೆ ಸೇರಿ ಒಬ್ಬ ದೊಡ್ಡ ಗುಮಾಸ್ತನನ್ನು ಇಡುವುದು ಈಗ ಸಾಮಾನ್ಯವಾಗಿದೆ. ಅದಕ್ಕೆಂದೇ 2012ರಲ್ಲಿ 100.64 ಎಂದು ಆರಂಭವಾಗುವ ಒಂದು ಭಾಗವನ್ನು ಪ್ರತ್ಯೇಕಿಸಿದರು. ಮನೆಯ ಗುಮಾಸ್ತನೊಬ್ಬ, ಕಂಪನಿಯ ಗುಮಾಸ್ತನೊಬ್ಬ. ಎರಡು ಪುಸ್ತಕ, ಎರಡು ಬಾಗಿಲು.

ದ್ರಾಕ್ಷಿ ತೋಟದ ಯಂತ್ರ

ಇದರಿಂದ ನಷ್ಟವೇನು? ಸಿನಿಮಾ ನೋಡುವವನಿಗೆ ಏನೂ ತೋರದು. ಬೇರೊಂದು ಉದಾಹರಣೆಯನ್ನು ಎತ್ತಿಕೊಳ್ಳೋಣ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆ ಬೆಂಗಳೂರು ನೀಲಿ ದ್ರಾಕ್ಷಿಯ ತೋಟಗಳಿವೆ. ದ್ರಾಕ್ಷಿಯ ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆಂಬುದರ ಮೇಲೆ ಬೂಜು ರೋಗದ ಸಂಭವ ನಿಂತಿದೆ. ಅಂತಹ ತೋಟದ ಮನೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ನೂರು ರೂಪಾಯಿಗಳಲ್ಲಿ ಎಲೆಯ ತೇವವನ್ನೂ ಮಣ್ಣಿನ ತೇವವನ್ನೂ ಅಳೆಯುವ ಸಣ್ಣ ಯಂತ್ರವನ್ನು ಜೋಡಿಸಿ ತೋಟದಲ್ಲಿ ನಿಲ್ಲಿಸಿದಳೆನ್ನಿ. ಆಕೆ ಇರುವುದು ಬೆಂಗಳೂರಿನ ವಿದ್ಯಾರ್ಥಿನಿಲಯದಲ್ಲಿ. ರಾತ್ರಿ ಮಳೆ ಬಂದಾಗ ಆ ಯಂತ್ರವನ್ನು ‘ಈಗ ಎಷ್ಟು?’ ಎಂದು ಕೇಳಬೇಕೆನಿಸುತ್ತದೆ. ಕೇಳುವುದು ಹೇಗೆ? ಯಂತ್ರದ ವಿಳಾಸ ಒಳವಿಳಾಸ. ಹೊರಗಿನಿಂದ ತಾನಾಗಿ ಬಂದ ಪೊಟ್ಟಣಕ್ಕೆ ಗುಮಾಸ್ತನ ಪುಸ್ತಕದಲ್ಲಿ ಗುರುತಿಲ್ಲ. ಗುರುತಿಲ್ಲದ್ದನ್ನು ಆತನು ಎಸೆಯುತ್ತಾನೆ. ಮನೆಯ ಗುಮಾಸ್ತನಿಗಾದರೂ ಮುಂಚಿತವಾಗಿ ಹೇಳಿಡಬಹುದು. ಕಂಪನಿಯ ಗುಮಾಸ್ತನು ಆಕೆಯ ಮಾತನ್ನು ಕೇಳುವುದಿಲ್ಲ.

ಈ ತೊಡಕಿಗೂ ಒಂದು ಅಡ್ಡದಾರಿಯಿದೆ. ತೋಟದ ಯಂತ್ರವೇ ಹೊರಗಿನ ಮೂರನೆಯವರ ಕಂಪ್ಯೂಟರಿಗೆ ಆಗಾಗ ಕರೆ ಮಾಡಿ ಪುಸ್ತಕದ ಗುರುತು ಅಳಿಯದಂತೆ ನೋಡಿಕೊಳ್ಳುವುದು. ವಿದ್ಯಾರ್ಥಿನಿಯೂ ಅದೇ ಕಂಪ್ಯೂಟರಿಗೆ ಕರೆ ಮಾಡುವುದು. ಮನೆಗಳ ಕಾವಲಿಗೆಂದು ಅಂಗಡಿಗಳಲ್ಲಿ ಮಾರುವ ಕ್ಯಾಮೆರಾಗಳಲ್ಲಿ ಅನೇಕವು ನಡೆಯುವುದು ಹೀಗೆಯೇ. ತನ್ನ ತೋಟದ ಸುದ್ದಿಯನ್ನು ತಾನು ಕೇಳಲು ಪರದೇಶದ ಕಂಪನಿಯೊಂದರ ಕೃಪೆ ಬೇಕಾಯಿತು. ಆ ಕಂಪನಿ ನಾಳೆ ದರ ಏರಿಸಿದರೆ ಅಥವಾ ಕದ ಮುಚ್ಚಿದರೆ ತೋಟದ ಯಂತ್ರ ಮೂಕವಾಗುತ್ತದೆ. ಯಾವ ಯಂತ್ರವು ಬೇಕಾದರೂ ಇನ್ನಾವುದರೊಡನೆಯೂ ನೇರವಾಗಿ ಮಾತನಾಡಬಹುದೆಂಬುದೇ ಅಂತರಜಾಲದ ಮೂಲ ಕಲ್ಪನೆಯಾಗಿತ್ತು. ವಠಾರದ ಬಾಳಿನಲ್ಲಿ ಆ ಹಕ್ಕು ಮೊದಲ ಪಂಕ್ತಿಯವರಲ್ಲಿ ಉಳಿದು, ನಮ್ಮ ಹಳ್ಳಿಗಳಿಗೆ ಕೇಳಿಸಿಕೊಳ್ಳುವ ಕೆಲಸ ಮಾತ್ರ ಉಳಿಯಿತು. ವೇಗದ ಮಾತು ಎಲ್ಲರೂ ಆಡುತ್ತಾರೆ. ಈ ನಷ್ಟವನ್ನು ಎತ್ತಿ ಹೇಳುವವರು ವಿರಳ.

ಒಬ್ಬರ ತಪ್ಪು ಎಲ್ಲರ ತಲೆಗೆ ಬರುವುದು ಇನ್ನೊಂದು ಉಪದ್ರವ. 32 ಮನೆಗಳಲ್ಲಿ ಒಂದರ ಕಂಪ್ಯೂಟರಿಗೆ ಕೇಡು ತಗುಲಿ ಅದು ಕಸದ ಅಂಚೆಯನ್ನು ಸುರಿಯತೊಡಗಿದರೆ, ಹೊರಗಿನವರಿಗೆ ಕಾಣುವುದು ಒಂದೇ ವಿಳಾಸ. 32 ಮನೆಗಳ ಮುಖಕ್ಕೂ ಬಾಗಿಲು ಹಾಕುತ್ತಾರೆ. ನಾವು ಬಲ್ಲ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಹುಡುಗರು ಪಾಠ ತೆರೆಯುವ ಮೊದಲು, ತಾವು ಯಂತ್ರಗಳಲ್ಲ ಮನುಷ್ಯರೆಂದು ಸಾಬೀತುಪಡಿಸಲು, ಚಿತ್ರಗಳಲ್ಲಿ ಬಸ್ಸುಗಳನ್ನೂ ದೀಪದ ಕಂಬಗಳನ್ನೂ ಹುಡುಕುತ್ತ ಕುಳಿತಿರುತ್ತಾರೆ.

ಎರಡು ಮಣೆಗಳು

ನಿಜವಾದ ಪರಿಹಾರವೆಂದರೆ ಸ್ಥಾನಗಳನ್ನು ಹೆಚ್ಚಿಸುವುದು. ಆ ಕೆಲಸ ಬರ ಬರುವುದಕ್ಕೆ ಬಹಳ ಮುಂಚೆಯೇ ಆಗಿತ್ತು. ಐಪಿ ಆರನೆಯ ಆವೃತ್ತಿಯ ಮೊದಲ ನಿಯಮಾವಳಿ 1995ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಐದು ಎಲ್ಲಿ ಹೋಯಿತೆಂದು ಕೇಳುವ ಚುರುಕು ವಿದ್ಯಾರ್ಥಿಗಳಿಗಾಗಿ ಹೇಳಬೇಕಾದ ಮಾತು: ಆ ಸಂಖ್ಯೆಯನ್ನು ಧ್ವನಿಯೇ ಮುಂತಾದವನ್ನು ಸಾಗಿಸುವ ಇನ್ನೊಂದು ಪ್ರಯೋಗಕ್ಕೆ ಮೊದಲೇ ಕೊಟ್ಟಿದ್ದರು.

ಹೊಸ ವಿಳಾಸಕ್ಕೆ 128 ಬಿಟ್‌ಗಳು, ಎಂದರೆ ಚದುರಂಗದ ಎರಡು ಇಡೀ ಮಣೆಗಳು. ಒಟ್ಟು ವಿಳಾಸಗಳು ಸುಮಾರು 3.4 × 10³⁸. ಭೂಮಿಯ ಮೇಲ್ಮೈ, ಸಮುದ್ರವೂ ಸೇರಿ, ಸುಮಾರು 5.1 × 10¹⁴ ಚದರ ಮೀಟರು. ಭಾಗಿಸಿದರೆ ಒಂದು ಚದರ ಮೀಟರಿಗೆ 6.7 × 10²³ ವಿಳಾಸಗಳು ಬರುತ್ತವೆ. ಈ ಸಂಖ್ಯೆಯನ್ನು ಎಲ್ಲಿಯೋ ಕಂಡಂತಿದೆಯಲ್ಲವೆ? ಅವೊಗಾಡ್ರೋ ಸಂಖ್ಯೆಗಿಂತ ತುಸು ಹೆಚ್ಚು: ಚದರ ಮೀಟರಿಗೆ ಒಂದು ಮೋಲ್‌ಗೂ ಮಿಗಿಲಾದ ವಿಳಾಸಗಳು! ಎರಡು ಮಣೆಗಳಲ್ಲಿ ಮೊದಲನೆಯದು ಜಾಲವನ್ನೂ ಎರಡನೆಯದು ಆ ಜಾಲದೊಳಗಿನ ಯಂತ್ರವನ್ನೂ ಗುರುತಿಸುವುದು ಸಾಮಾನ್ಯ ಕ್ರಮ. ಹಿಂದೆ ಲೋಕಕ್ಕೆಲ್ಲ ಅರ್ಧ ಮಣೆ. ಈಗ ಒಂದು ಮನೆಗೆ ಇಡೀ ಮಣೆ.

ಇಷ್ಟು ಸಮೃದ್ಧಿ ಸಿದ್ಧವಾಗಿದ್ದರೂ ಲೋಕವು ಹಿಂದೇಟು ಹಾಕಿದ್ದೇಕೆ? ಹಳೆಯ ಪೊಟ್ಟಣದ ಮೇಲೆ ವಿಳಾಸಕ್ಕೆಂದು ಬಿಟ್ಟ ಜಾಗ 32 ಬಿಟ್‌ಗಳದ್ದು ಮಾತ್ರ. 128ನ್ನು ಬರೆಯಲು ಅಲ್ಲಿ ಸ್ಥಳವೇ ಇಲ್ಲ. ಆದುದರಿಂದ ಹಳೆಯ ಭಾಷೆಯ ಯಂತ್ರವೂ ಹೊಸ ಭಾಷೆಯ ಯಂತ್ರವೂ ನೇರವಾಗಿ ಮಾತನಾಡಲಾರವು. ಎರಡೂ ಭಾಷೆ ಬಲ್ಲ ಯಂತ್ರಗಳನ್ನು ಇಡಬೇಕು, ಇಲ್ಲವೆ ನಡುವೆ ದುಭಾಷಿಯನ್ನು ನಿಲ್ಲಿಸಬೇಕು. ಎರಡಕ್ಕೂ ಖರ್ಚು, ಮೊದಲು ಹೊರಟವನಿಗೆ ಲಾಭವಿಲ್ಲ. ಎಲ್ಲರೂ ಇನ್ನೊಬ್ಬರ ದಾರಿ ಕಾಯುತ್ತ ಕುಳಿತರು. 2012ರ ಜೂನ್ 6ರಂದು ದೊಡ್ಡ ದೊಡ್ಡ ಕಂಪನಿಗಳು ಒಟ್ಟಾಗಿ ಹೊಸ ವಿಳಾಸಗಳನ್ನು ಶಾಶ್ವತವಾಗಿ ತೆರೆದ ಮೇಲೆಯೇ ಕೆಲಸಕ್ಕೆ ಚಾಲನೆ ಬಂದಿತು.

ಇಲ್ಲಿ ನಡೆದ ಸೋಜಿಗವೆಂದರೆ ಕೊನೆಯ ಪಂಕ್ತಿಯವರು ಮುಂದೆ ಬಂದದ್ದು. 2016ರ ಸೆಪ್ಟೆಂಬರ್ 5ರಂದು ಜಿಯೋ ಕಂಪನಿ ತನ್ನ ಸೇವೆಯನ್ನು ಆರಂಭಿಸಿತು. ಆರು ತಿಂಗಳೊಳಗೆ ಅದರ ಗ್ರಾಹಕರು 10 ಕೋಟಿ ಮೀರಿದರು. ಅಷ್ಟು ಮಂದಿಗೆ ಹಳೆಯ ವಿಳಾಸಗಳನ್ನು ತರುವುದೆಲ್ಲಿಂದ? ಆದುದರಿಂದ ಆ ಜಾಲವನ್ನು ಹೊಸ ವಿಳಾಸಗಳ ಮೇಲೆಯೇ ಕಟ್ಟಲಾಯಿತು. ಉಳಿದ ಮೊಬೈಲ್ ಕಂಪನಿಗಳೂ ಹಿಂಬಾಲಿಸಿದವು. ಇಂದು ಗೂಗಲ್ ಕಂಪನಿಯ ಅಳತೆಯ ಪ್ರಕಾರ ಭಾರತದಿಂದ ಅದನ್ನು ತಲುಪುವವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕವರು ಹೊಸ ವಿಳಾಸದಿಂದ ಬರುತ್ತಾರೆ. ಲೋಕದ ಸರಾಸರಿ ಅರ್ಧದ ಹತ್ತಿರದಲ್ಲಿದೆ. ವಿಳಾಸಗಳನ್ನು ರಾಶಿ ಹಾಕಿಕೊಂಡಿದ್ದ ಎಷ್ಟೋ ದೇಶಗಳು ನಮಗಿಂತ ಹಿಂದಿವೆ.

ಮೊಬೈಲಿನಲ್ಲಿ ಆದ ಈ ಬದಲಾವಣೆ ಮನೆ, ಶಾಲೆ, ಕಚೇರಿಗಳ ತಂತಿಯ ಸಂಪರ್ಕಗಳಲ್ಲಿ ಅದೇ ವೇಗದಿಂದ ಆಗಿಲ್ಲ. 2022ರ ಡಿಸೆಂಬರ್ 31ರ ತರುವಾಯ ಕೊಡುವ ಹೊಸ ತಂತಿ ಸಂಪರ್ಕಗಳೆಲ್ಲ ಆರನೆಯ ಆವೃತ್ತಿಗೆ ಒಗ್ಗತಕ್ಕದ್ದೆಂದು ಕೇಂದ್ರದ ದೂರಸಂಪರ್ಕ ಇಲಾಖೆಯು 2021ರ ನವೆಂಬರಿನಲ್ಲಿ ಗೊತ್ತುಮಾಡಿತು. ಆದರೆ ಒಗ್ಗುವುದು ಬೇರೆ, ಚಾಲ್ತಿಯಲ್ಲಿರುವುದು ಬೇರೆ. ಹಳೆಯ ಮೋಡೆಮ್ಮುಗಳಲ್ಲಿ ಹೊಸ ವಿಳಾಸದ ಸೌಲಭ್ಯವಿದ್ದೂ ಅದನ್ನು ಆರಿಸಿಟ್ಟಿರುವುದುಂಟು.

ನಮ್ಮ ವಿದ್ಯಾರ್ಥಿ ಮಿತ್ರರು ಇದನ್ನು ಐದು ನಿಮಿಷಗಳಲ್ಲಿ ಪರೀಕ್ಷಿಸಬಹುದು. ಮೊದಲು ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸವನ್ನು ನೋಡಿ. 2409 ಅಥವಾ 2401 ಎಂಬಂತೆ ಆರಂಭವಾಗಿ, ನಡುನಡುವೆ ಜೋಡಿ ಚುಕ್ಕೆಗಳಿರುವ ಉದ್ದನೆಯ ವಿಳಾಸ ಕಂಡರೆ ಅದು ನಿಮ್ಮ ಸ್ವಂತದ ಹೊಸ ವಿಳಾಸ. ಬಳಿಕ ಮನೆಯ ಅಥವಾ ಕಾಲೇಜಿನ ವೈಫೈಗೆ ಸೇರಿ ಮತ್ತೆ ನೋಡಿ. 192.168 ಎಂಬುದರೊಂದಿಗೆ ಎಫ್‌ಇ80 ಎಂದು ಆರಂಭವಾಗುವ ವಿಳಾಸವೊಂದೇ ಕಂಡರೆ, ಅದು ಮನೆಯೊಳಗೆ ಮಾತ್ರ ನಡೆಯುವ ನಾಣ್ಯ. ಹೊಸ ವಿಳಾಸ ನಿಮ್ಮ ಹೊಸ್ತಿಲಿನವರೆಗೆ ಬಂದಿಲ್ಲ. ತಂತಿ ಕೊಟ್ಟವರನ್ನು ಕೇಳಿ ಮೋಡೆಮ್ಮಿನಲ್ಲಿ ಅದನ್ನು ಚಾಲ್ತಿ ಮಾಡಿಸಬಹುದು.

ಒಂದು ಎಚ್ಚರಿಕೆ. ವಠಾರದ ಗುಮಾಸ್ತನು ಗುರುತಿಲ್ಲದವರನ್ನು ಎಸೆಯುತ್ತಿದ್ದುದು ಸ್ಥಳದ ಅಭಾವದಿಂದಾದರೂ ಅದು ಕಾವಲಿನಂತೆಯೂ ಒದಗುತ್ತಿತ್ತು. ಪ್ರತಿ ಯಂತ್ರಕ್ಕೂ ಬೀದಿ ಬಾಗಿಲು ಬಂದ ಮೇಲೆ ರೂಟರಿನಲ್ಲಿ ಫೈರ್‌ವಾಲ್ ಎಂಬ ಪ್ರತ್ಯೇಕ ಕಾವಲು ಇರಲೇಬೇಕು. ದ್ರಾಕ್ಷಿ ತೋಟದ ವಿದ್ಯಾರ್ಥಿನಿಯು ಆ ಕಾವಲಿಗೆ ತನ್ನ ಯಂತ್ರದ ಒಂದು ವಿಳಾಸ, ಒಂದು ಪೋರ್ಟ್ ಮಾತ್ರ ಬಿಡುವಂತೆ ಹೇಳಿದರೆ ಸಾಕು. ಉಳಿದ ಬಾಗಿಲುಗಳು ಮುಚ್ಚಿಯೇ ಇರಲಿ. ತೋಟದ ಯಂತ್ರಕ್ಕೆ ಸಿಮ್ ಹಾಕುವುದಕ್ಕಿಂತ ಮನೆಯ ತಂತಿಗೆ ಸೇರಿಸುವುದು ಮೇಲು, ಏಕೆಂದರೆ ಹೊರಗಿನಿಂದ ಬರುವ ಕರೆಗಳನ್ನು ಮೊಬೈಲ್ ಕಂಪನಿಗಳು ತಾವೇ ತಡೆಯುವುದುಂಟು. ಮನೆಗೆ ಕೊಟ್ಟ ವಿಳಾಸದ ಮೊದಲ ಅರ್ಧವು ಸ್ಥಿರವೋ, ಮೋಡೆಮ್ ಆರಿಸಿ ಹೊತ್ತಿಸಿದಾಗಲೆಲ್ಲ ಬದಲಾಗುವುದೋ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಬದಲಾಗುವುದಾದರೆ ಯಂತ್ರಕ್ಕೊಂದು ಹೆಸರನ್ನು ನೋಂದಾಯಿಸಿ, ವಿಳಾಸ ಬದಲಾದಾಗಲೆಲ್ಲ ಆ ಹೆಸರಿನ ಮುಂದೆ ಹೊಸ ಸಂಖ್ಯೆಯನ್ನು ಯಂತ್ರವೇ ಬರೆಸುವಂತೆ ಏರ್ಪಡಿಸಬಹುದು. ಅದಕ್ಕೆ ಬೇಕಾದ ಕಾರ್ಯಕ್ರಮ ಹತ್ತಿಪ್ಪತ್ತು ಸಾಲುಗಳಿಗೆ ಮೀರುವುದಿಲ್ಲ.